ಮೇ ತಿಂಗಳ ಚಳಿ

ಕಲಬುರಗಿಯ ಮೇ ತಿಂಗಳಲ್ಲಿ, ಬಿಸಿಲು 42 ಡಿಗ್ರಿ ದಾಟಿ ಗೋಡೆಗಳೂ ಕಾದಿರುವಾಗ, ಮನೆಯಲ್ಲೊಬ್ಬರು ಶಾಲು ಹೊದ್ದುಕೊಂಡು ಫ್ಯಾನ್ ಆರಿಸಲು ಹೇಳಿದರೆ ಅದನ್ನು ನಗೆಯಾಡಿ ಬಿಡಬಾರದು. ನನ್ನ ಚಿಕ್ಕಮ್ಮ ಎರಡು ಬೇಸಿಗೆಗಳನ್ನು ಹೀಗೆಯೇ ಕಳೆದರು. ಆದರೆ ಬ್ರಹ್ಮಪುರದ ಅವರ ಮನೆಯಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು ಆ ಚಳಿಗಿಂತ ಹೆಚ್ಚಾಗಿ ಅವರ ಬದಲಾದ ಸ್ವಭಾವ. ಓಣಿಗೆಲ್ಲ ಕೇಳುವಂತೆ ನಗುತ್ತಿದ್ದವರು ಮಾತು ಕಡಿಮೆ ಮಾಡಿದರು, ಸಣ್ಣ ಮಾತಿಗೂ ಕಣ್ಣಲ್ಲಿ ನೀರು ತಂದುಕೊಂಡರು, ಶರಣಬಸವೇಶ್ವರರ ಜಾತ್ರೆಗೆ ಕರೆದರೆ “ಯಾಕೋ ಮನಸೇ ಇಲ್ಲ, ನೀವ್ ಹೋಗಿ ಬರ್ರಿ” ಎಂದು ಮಲಗಿಬಿಟ್ಟರು. “ಸೊಸಿ ಬಂದ ಮ್ಯಾಲ ಹಿಂಗಾಗ್ಯಾಳ” ಎಂದು ನೆರೆಹೊರೆಯವರು ಕಾರಣವನ್ನೂ ಹುಡುಕಿಕೊಟ್ಟರು. ಕೊನೆಗೆ ರಕ್ತಪರೀಕ್ಷೆ ಮಾಡಿಸಿದಾಗ, ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತೋರಿಸುವ ಹಾರ್ಮೋನಾದ ಟಿಎಸ್‌ಎಚ್ 38 ಇತ್ತು. ಸಾಮಾನ್ಯವಾಗಿ ಅದು ಸುಮಾರು 0.4 ರಿಂದ 4 ರ ಒಳಗೆ ಇರಬೇಕು. ಪಾಪ, ಆ ಸೊಸೆಗೆ ಇದರಲ್ಲಿ ಯಾವ ಪಾತ್ರವೂ ಇರಲಿಲ್ಲ.

ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಅಯೋಡಿನ್ ಬಳಸಿಕೊಂಡು ಟಿ4 ಎಂಬ ಹಾರ್ಮೋನನ್ನು ಹೆಚ್ಚಾಗಿಯೂ ಟಿ3 ಯನ್ನು ಅಲ್ಪವಾಗಿಯೂ ತಯಾರಿಸುತ್ತದೆ. ಯಕೃತ್ತು, ಮೂತ್ರಪಿಂಡ, ಮಿದುಳು ಮೊದಲಾದ ಕಡೆಗಳಲ್ಲಿ ಟಿ4 ತಾನೇ ಟಿ3 ಆಗಿ ಮಾರ್ಪಟ್ಟು ಕೆಲಸಕ್ಕೆ ಇಳಿಯುತ್ತದೆ. ರಕ್ತದಲ್ಲಿ ಇವುಗಳ ಪ್ರಮಾಣ ತಗ್ಗಿದಂತೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿಎಸ್‌ಎಚ್ ಅನ್ನು ಹೆಚ್ಚಿಸಿ ಥೈರಾಯ್ಡ್‌ಗೆ ಒತ್ತಾಯ ಮಾಡುತ್ತದೆ. ಹೀಗಾಗಿ ರಿಪೋರ್ಟಿನಲ್ಲಿ ಆ ಅಂಕಿ ಏರಿದ್ದರೆ ಸಾಮಾನ್ಯವಾಗಿ ಥೈರಾಯ್ಡ್ ಕುಂದಿದೆ ಎಂದೇ ಅರ್ಥ. ಈ ತಲೆಕೆಳಗಾದ ಲೆಕ್ಕವನ್ನು ಚಿಕ್ಕಪ್ಪನಿಗೆ ತಿಳಿಸಿ ಹೇಳುವುದರಲ್ಲಿ ನನಗೆ ಒಂದು ಸಂಜೆಯೇ ಹಿಡಿಯಿತು.

ದೇಹದ ಬಹುತೇಕ ಎಲ್ಲ ಜೀವಕೋಶಗಳ ಮೇಲೂ ಟಿ3 ಯ ಪ್ರಭಾವ ಇರುವುದರಿಂದ ಅದರ ಕೊರತೆ ಒಂದೇ ಕಡೆ ತೋರಿಕೊಳ್ಳುವುದಿಲ್ಲ. ಶಾಖದ ಉತ್ಪಾದನೆ ತಗ್ಗಿ ಚಳಿಯಾಗುತ್ತದೆ, ನಾಡಿ ನಿಧಾನವಾಗುತ್ತದೆ, ಕರುಳಿನ ಚಲನೆ ಕುಂದಿ ಮಲಬದ್ಧತೆ ಬರುತ್ತದೆ, ಚರ್ಮ ಒಣಗುತ್ತದೆ, ಕೂದಲು ಉದುರುತ್ತದೆ, ಯಕೃತ್ತು ರಕ್ತದಿಂದ ಎಲ್‌ಡಿಎಲ್ ಕೊಲೆಸ್ಟ್ರಾಲ್ ತೆಗೆಯುವುದು ಕಡಿಮೆಯಾಗಿ ಅದರ ಮಟ್ಟ ಏರುತ್ತದೆ. ಇದೆಲ್ಲವನ್ನೂ ದೇಹದ ದೋಷವೆಂದು ಒಪ್ಪಿಕೊಳ್ಳುವ ನಾವು, ಅದೇ ಕೊರತೆ ಮಿದುಳಿಗೂ ತಟ್ಟಿ ಯೋಚನೆ ಮಂದವಾದಾಗ, ಮರೆವು ಹೆಚ್ಚಿದಾಗ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದಾಗ ಮಾತ್ರ ಆ ವ್ಯಕ್ತಿಯ ಗುಣವನ್ನೇ ದೂರುತ್ತೇವೆ. ಹಾರ್ಮೋನು ಅತಿಯಾದರೂ ಇದೇ ಅನ್ಯಾಯ ನಡೆಯುತ್ತದೆ: ಎದೆ ಬಡಿತ, ಕೈನಡುಕ, ತೂಕ ಇಳಿಯುವುದು, ನಿದ್ದೆಗೆಡುವುದು, ಸಿಡುಕು ಇವೆಲ್ಲ ಸೇರಿದವರಿಗೆ “ಭಾಳ ಟೆನ್ಶನ್ ಮಾಡ್ಕೋತಾನ” ಎಂಬ ಹೆಸರು ಅಂಟಿಕೊಳ್ಳುತ್ತದೆ.

ಚಿಕಿತ್ಸೆ ಕಾಗದದ ಮೇಲೆ ಸರಳವಾಗಿದೆ. ಕೃತಕವಾಗಿ ತಯಾರಿಸಿದ ಟಿ4 ಆದ ಲೆವೊಥೈರಾಕ್ಸಿನ್ ಗುಳಿಗೆಯನ್ನು ದಿನಕ್ಕೊಮ್ಮೆ, ಬರಿಹೊಟ್ಟೆಯಲ್ಲಿ, ನೀರಿನೊಂದಿಗೆ ತೆಗೆದುಕೊಳ್ಳಬೇಕು. ಆದರೆ ನಮ್ಮ ಭಾಗದಲ್ಲಿ ಬೆಳಗು ಶುರುವಾಗುವುದೇ ಚಹಾದಿಂದ. ಚಿಕ್ಕಮ್ಮನಿಗೆ ಥೈರಾಯ್ಡ್ ಕೊರತೆಯಿಂದಲೇ ಮುಟ್ಟಿನ ಸ್ರಾವ ಹೆಚ್ಚಾಗಿ ರಕ್ತಹೀನತೆಯೂ ಬಂದಿತ್ತು. ಅದಕ್ಕೆ ಕಬ್ಬಿಣದ ಗುಳಿಗೆ, ಮೊಣಕಾಲಿಗೆಂದು ಕ್ಯಾಲ್ಸಿಯಂ ಗುಳಿಗೆ ಕೊಟ್ಟಿದ್ದರು. ಅವರು ಮೂರನ್ನೂ ಒಂದೇ ಅಂಗೈಯಲ್ಲಿ ಹಿಡಿದು, ಗಟ್ಟಿ ಹಾಲಿನ ಚಹಾದ ಗುಟುಕಿನೊಂದಿಗೆ ನುಂಗಿ, ಔಷಧದ ಕೆಲಸ ಮುಗಿಯಿತೆಂದು ಕಪ್ಪು ತೊಳೆದಿಡುತ್ತಿದ್ದರು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಎರಡೂ ಲೆವೊಥೈರಾಕ್ಸಿನ್ ಅನ್ನು ಹೊಟ್ಟೆಯಲ್ಲೇ ಕಟ್ಟಿಹಾಕಿ ಪೂರ್ತಿಯಾಗಿ ರಕ್ತಕ್ಕೆ ಸೇರಲು ಬಿಡುವುದಿಲ್ಲ. ಮುಂದಿನ ಪರೀಕ್ಷೆಯಲ್ಲಿ ಅಂಕಿ ಹೆಚ್ಚೇನೂ ಇಳಿದಿರಲಿಲ್ಲ. ವೈದ್ಯರು ಡೋಸ್ ಏರಿಸುವ ಮೊದಲು “ಗುಳಿಗಿ ಹ್ಯಾಂಗ ತಗೋತೀರಿ?” ಎಂದು ಕೇಳಿದ್ದು ದೊಡ್ಡ ಉಪಕಾರವಾಯಿತು. ಈಗ ಥೈರಾಯ್ಡ್ ಗುಳಿಗೆ ಎದ್ದ ಕೂಡಲೇ, ಚಹಾ ಒಂದು ತಾಸಿನ ನಂತರ, ಕಬ್ಬಿಣದ್ದು ಮಧ್ಯಾಹ್ನ, ಕ್ಯಾಲ್ಸಿಯಂ ರಾತ್ರಿ. ಉಳಿದೆರಡಕ್ಕೂ ಥೈರಾಯ್ಡ್ ಗುಳಿಗೆಗೂ ನಡುವೆ ಕನಿಷ್ಠ ನಾಲ್ಕು ತಾಸು ಇರಬೇಕು.

ಇನ್ನೊಂದು ಸಂಗತಿ ನಮ್ಮ ಊರಿನವರಿಗೇ ವಿಶೇಷವಾಗಿ ಹೇಳಬೇಕಾದದ್ದು. ಈ ಗುಳಿಗೆಗೆ ಶಾಖ, ಬೆಳಕು, ತೇವ ಮೂರೂ ಆಗಿಬರುವುದಿಲ್ಲ. ಚಿಕ್ಕಮ್ಮನ ಡಬ್ಬಿ ಗ್ಯಾಸ್ ಒಲೆಯ ಪಕ್ಕದ ಕಿಟಕಿಯಲ್ಲಿ, ಜೀರಿಗೆ ಡಬ್ಬಿಯ ಜೊತೆಗೆ ಇರುತ್ತಿತ್ತು. ಅದರ ಮೇಲಿನ ಚೀಟಿಯಲ್ಲಿ ಬರೆದಿರುವ ಉಷ್ಣತೆಯ ಮಿತಿಯನ್ನು ಮೇ ತಿಂಗಳಲ್ಲಿ ಅಡುಗೆಮನೆಯಲ್ಲಿ ಪಾಲಿಸಲು ಸಾಧ್ಯವೇ ಇಲ್ಲ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆಯ ಕಪಾಟಿನೊಳಗೆ, ಕೂಲರ್‌ನ ತೇವದ ಗಾಳಿ ತಾಗದಂತೆ, ಮುಚ್ಚಳ ಬಿಗಿದು ಇಡುವುದು ಒಳ್ಳೆಯದು.

ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಆದ್ದರಿಂದ ಡೋಸ್ ಬದಲಾದ ಮೇಲೆ 6 ರಿಂದ 8 ವಾರ ಕಾದು ಪರೀಕ್ಷಿಸುತ್ತಾರೆ. ಚಿಕ್ಕಮ್ಮನಲ್ಲಿ ಮೊದಲು ಮಲಬದ್ಧತೆ ಮತ್ತು ಚಳಿ ಹೋದವು, ಆಮೇಲೆ ಮುಖದ ಬಾವು ಇಳಿಯಿತು. ಮನಸ್ಸು ಎಲ್ಲಕ್ಕಿಂತ ಕೊನೆಗೆ, ತಿಂಗಳುಗಳ ನಂತರ ತಿಳಿಯಾಯಿತು. ಈ ನಡುವೆ ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ ಸಂದೇಶ ನೋಡಿ ಸಂಕ್ರಾಂತಿಯ ಸಜ್ಜಿ ರೊಟ್ಟಿಯನ್ನೂ ಬಿಟ್ಟಿದ್ದರು. ಸಜ್ಜೆಯಲ್ಲಿ ಥೈರಾಯ್ಡ್‌ನ ಕೆಲಸಕ್ಕೆ ಅಡ್ಡಿಯಾಗುವ ಅಂಶಗಳು ಇರುವುದು ನಿಜ. ಆದರೆ ಅದು ಗಳಗಂಡಕ್ಕೆ ಪೂರಕವಾಗಿ ಕಂಡದ್ದು ಸುಡಾನಿನ ಡಾರ್ಫರ್‌ನಂತಹ ಕಡೆ, ಅಯೋಡಿನ್ ಕೊರತೆಯ ಜೊತೆಗೆ ಸಜ್ಜೆಯೇ ಮುಖ್ಯ ಆಹಾರವಾಗಿದ್ದ ಜನರಲ್ಲಿ. ಅಯೋಡಿನ್ ಉಪ್ಪು ಬಳಸುವ ಮನೆಯಲ್ಲಿ ಎಳ್ಳು ಹಚ್ಚಿದ ಒಂದೆರಡು ರೊಟ್ಟಿಗೆ ಹೆದರುವ ಕಾರಣ ನನಗೆ ಕಾಣುವುದಿಲ್ಲ.

ಅದೇ ಮನೆಯಲ್ಲಿ ಚಿಕ್ಕಮ್ಮನ ನೆಗೆಣ್ಣಿಯ ದೂರು ಇದಕ್ಕೆ ತೀರ ವಿರುದ್ಧವಾಗಿತ್ತು: ಫ್ಯಾನ್ ಪೂರ್ತಿ ಬೇಕು, ನಡುರಾತ್ರಿ ಬೆವರಿ ಎಚ್ಚರವಾಗುತ್ತದೆ, ಮುಟ್ಟು ತಪ್ಪುತ್ತಿದೆ, ಸಿಟ್ಟು ಮೂಗಿನ ತುದಿಯಲ್ಲಿ. ಅವರಿಗೆ 48 ವರ್ಷ. ಮುಟ್ಟು ನಿಲ್ಲುವ ಕಾಲದಲ್ಲಿ ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನು ಏರಿಳಿದು ಕೊನೆಗೆ ಕುಸಿಯುವಾಗ, ಮಿದುಳಿನ ಉಷ್ಣನಿಯಂತ್ರಣ ಕೇಂದ್ರ ಅಲ್ಪ ಬಿಸಿಯನ್ನೂ ಸಹಿಸದಂತಾಗುತ್ತದೆ. 45 ದಾಟಿದವರಲ್ಲಿ ಇದನ್ನು ಲಕ್ಷಣಗಳಿಂದಲೇ ಗುರುತಿಸಬಹುದು. ಆ ಹಾರ್ಮೋನುಗಳು ದಿನದಿನಕ್ಕೂ ಬದಲಾಗುವುದರಿಂದ ಒಂದು ದಿನದ ರಕ್ತದಲ್ಲಿ ಉತ್ತರ ಸಿಗುವುದು ಕಷ್ಟ. ಹೀಗಿರುವಾಗ ಸಾವಿರಾರು ರೂಪಾಯಿಯ “ಹಾರ್ಮೋನ್ ಬ್ಯಾಲೆನ್ಸ್ ಪ್ಯಾಕೇಜ್” ಮಾರುವುದು ನನ್ನ ಮಟ್ಟಿಗೆ ಭಯದ ವ್ಯಾಪಾರ.

ಥೈರಾಯ್ಡ್ ವಿಷಯದಲ್ಲೂ ಎಲ್ಲ ಬೇಸರವನ್ನು ಅದರ ತಲೆಗೆ ಕಟ್ಟುವಂತಿಲ್ಲ. ಟಿ4 ಸರಿಯಿದ್ದು ಟಿಎಸ್‌ಎಚ್ ಮಾತ್ರ ತುಸು ಏರಿದ್ದ 65 ದಾಟಿದ 737 ಜನರ ಮೇಲೆ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲೆವೊಥೈರಾಕ್ಸಿನ್ ನುಂಗಿದವರ ದಣಿವು ಔಷಧವಿಲ್ಲದ ಹುಸಿ ಗುಳಿಗೆ ನುಂಗಿದವರಿಗಿಂತ ಕಡಿಮೆಯಾಗಲಿಲ್ಲ. ಅಂಕಿ ಸರಿಹೋದ ಮೇಲೂ ಮನಸ್ಸು ಏಳದಿದ್ದರೆ ಅದು ಬೇರೆಯೇ ಆಗಿ ಚಿಕಿತ್ಸೆ ಬೇಕಾದ ಖಿನ್ನತೆ ಇರಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ಚಿಕ್ಕಮ್ಮನಿಗೆ ಅದರ ಅಗತ್ಯ ಬೀಳಲಿಲ್ಲ. ಈ ತೊಂದರೆ ಮನೆತನದಲ್ಲಿ ಹರಿದು ಬರುವುದುಂಟೆಂದು ತಿಳಿದ ಮೇಲೆ, ಯಾದಗಿರಿಯಲ್ಲಿರುವ ಅವರ ಮಗಳು ಗರ್ಭಿಣಿಯಾದ ಕೂಡಲೇ ಟಿಎಸ್‌ಎಚ್ ಪರೀಕ್ಷೆ ಮಾಡಿಸಿಕೊಂಡಳು. ಹೊಟ್ಟೆಯಲ್ಲಿರುವ ಕೂಸು ಮೊದಲ ಕೆಲವು ತಿಂಗಳು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ.