ಕಡಲಕುದುರೆಗೆ ತೊಟ್ಟಿ ಸಿದ್ಧಪಡಿಸುವ ಮುನ್ನ

ಕಡಲಕುದುರೆಗೆ ಹಲ್ಲಿಲ್ಲ, ಜಠರವೂ ಇಲ್ಲ. ಕೊಳವೆ ಮೂತಿಯಿಂದ ಹೀರಿಕೊಂಡ ಸೀಗಡಿ ಸೀದಾ ಕರುಳಿಗೆ ಇಳಿದು, ಅರೆಬರೆ ಜೀರ್ಣವಾಗಿ ಬೇಗನೆ ಹೊರಬೀಳುತ್ತದೆ. ಹಾಗಾಗಿ ದಿನಕ್ಕೆ ಎರಡು ಮೂರು ಸಲ ತಿನ್ನಿಸಲೇಬೇಕು. ತಿನ್ನಿಸಿದಷ್ಟೂ ನೀರು ಕೊಳೆಯಾಗುತ್ತದೆ, ಕೊಳೆ ಹೆಚ್ಚಿದಷ್ಟೂ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಹುರುಪೆಗಳಿಲ್ಲದ ಈ ಮೀನಿನ ತೆಳುಚರ್ಮಕ್ಕೆ ಸೋಂಕು ತಗಲುವುದು ಸುಲಭ. ತೊಟ್ಟಿಯ ಗಾತ್ರದಿಂದ ಹಿಡಿದು ನೀರು ತಣಿಸುವ ಚಿಲ್ಲರ್‌ವರೆಗೆ ಪ್ರತಿಯೊಂದನ್ನೂ ಈ ಸರಪಳಿಯನ್ನು ನೆನಪಿಟ್ಟುಕೊಂಡೇ ಆಯ್ದುಕೊಳ್ಳಬೇಕು.

ಇರೆಕ್ಟಸ್, ರೈಡಿ, ಕೂಡಾದಂಥ ದೊಡ್ಡ ಜಾತಿಗಳ ಒಂದು ಜೋಡಿಗೆ 120 ಲೀಟರ್‌ಗಿಂತ ಕಡಿಮೆ ಬೇಡ. ಇನ್ನೊಂದು ಜೋಡಿ ಬಂದರೆ ಮತ್ತೆ 60 ಲೀಟರ್ ಸೇರಿಸಿ. ಉದ್ದಕ್ಕಿಂತ ಎತ್ತರಕ್ಕೆ ಬೆಲೆ ಹೆಚ್ಚು: ನೀರಿನ ಆಳ ಕನಿಷ್ಠ 45 ಸೆಂಟಿಮೀಟರ್ ಇರಲಿ, 60 ಇದ್ದರೆ ಇನ್ನೂ ಒಳ್ಳೆಯದು. ಕೂಡುವಾಗ ಗಂಡು ಹೆಣ್ಣು ಒಟ್ಟಿಗೆ ಮೇಲೇರುತ್ತ ಹೋಗುತ್ತವೆ, ಆಗಲೇ ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಚೀಲಕ್ಕೆ ಹಾಕುವುದು. ಆಳ ಸಾಲದಿದ್ದರೆ ಮೊಟ್ಟೆಗಳು ಚೀಲ ತಪ್ಪಿ ತಳಕ್ಕೆ ಬೀಳುತ್ತವೆ.

ತೊಟ್ಟಿಯ ಕೆಳಗೆ 40ರಿಂದ 60 ಲೀಟರ್‌ನ ಸಂಪ್, ಅಂದರೆ ಪೈಪಿನಿಂದ ಜೋಡಿಸಿದ ಇನ್ನೊಂದು ತೊಟ್ಟಿ ಇಡಿ. ಹೀಟರ್, ನೀರಿನ ಹೊಲಸನ್ನು ನೊರೆಯಾಗಿಸಿ ತೆಗೆಯುವ ಸ್ಕಿಮ್ಮರ್, ಪಂಪ್ ಎಲ್ಲ ಅಲ್ಲೇ ಇರಲಿ. ಬಾಲಕ್ಕೆ ಸಿಕ್ಕಿದ್ದನ್ನೆಲ್ಲ ಸುತ್ತಿ ಹಿಡಿಯುವ ಪ್ರಾಣಿ ಇದು. ಹೀಟರನ್ನು ಸುತ್ತಿಕೊಂಡರೆ ಸುಟ್ಟ ಗಾಯ ಖಂಡಿತ. ಸಂಪ್‌ನಲ್ಲಿ ಸ್ವಲ್ಪ ಜಾಗ ಖಾಲಿ ಇರಬೇಕು. ಊಟದ ಹೊತ್ತಿಗೆ ಪಂಪ್ ನಿಲ್ಲಿಸಿದರೆ ಮೇಲಿನ ನೀರು ಒಂದಷ್ಟು ಕೆಳಗಿಳಿಯುತ್ತದೆ, ಜಾಗ ಸಾಲದಿದ್ದರೆ ನೆಲವೆಲ್ಲ ಉಪ್ಪುನೀರು. ಪ್ರೋಟೀನ್ ಸ್ಕಿಮ್ಮರ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ತೊಟ್ಟಿ, ಸಂಪ್ ಸೇರಿ 170 ಲೀಟರ್ ಆದರೆ, 300 ಲೀಟರ್‌ಗೆಂದು ತಯಾರಾದ ಸ್ಕಿಮ್ಮರ್ ತನ್ನಿ.

ಕಡಲಕುದುರೆ ಈಜುವುದರಲ್ಲಿ ಹಿಂದೆ, ಆದ್ದರಿಂದ ನೀರು ಹೆಚ್ಚುಕಡಿಮೆ ನಿಂತಿರಬೇಕು ಎಂಬ ಹಳೆಯ ಸಲಹೆ ಈಗಲೂ ಓಡಾಡುತ್ತಿದೆ. ಅದನ್ನು ನಂಬಿದವರ ತೊಟ್ಟಿಯಲ್ಲಿ ಮೂಲೆಮೂಲೆಗೆ ಆಹಾರ ಕೊಳೆಯುತ್ತದೆ. ಗಂಟೆಗೆ ತೊಟ್ಟಿಯ ನೀರಿನ ಹತ್ತು ಪಟ್ಟು ಹರಿವು ಇರಲಿ, ಆದರೆ ಅದು ಒಂದೇ ಕಡೆ ರಭಸವಾಗಿ ನುಗ್ಗಬಾರದು. ಸಾಲಾಗಿ ತೂತುಗಳಿರುವ ಪೈಪಿನಿಂದ ಹರಿವನ್ನು ಹರಡಿಸಿ, ಕಲ್ಲಿನ ಮರೆಯಲ್ಲಿ ಒಂದೆರಡು ಶಾಂತ ಜಾಗ ಉಳಿಸಿ. ತೊಟ್ಟಿಯೊಳಗೆ ಪಂಪ್ ಇದ್ದರೆ ಅದರ ಬಾಯಿಗೆ ಸ್ಪಂಜು ಅಥವಾ ಸಣ್ಣ ಕಣ್ಣಿನ ಜಾಲರಿ ಹಾಕದೆ ಚಾಲೂ ಮಾಡಲೇಬೇಡಿ. ಬಾಲವೋ ಮೂತಿಯೋ ಸೆಳೆತಕ್ಕೆ ಸಿಕ್ಕಿದ ಮೇಲೆ ಗಾಯ ವಾಸಿಯಾಗುವುದು ಅಪರೂಪ.

ಇನ್ನು ಉಷ್ಣತೆ. ಹೆಚ್ಚಿನ ಸಾವುಗಳ ಮೂಲ ಇಲ್ಲೇ ಎನ್ನುವುದು ನನ್ನ ಅಭಿಪ್ರಾಯ. ಬಂಡೆಹವಳದ ಮೀನುಗಳಿಗೆ 26 ಡಿಗ್ರಿ ಸೆಲ್ಸಿಯಸ್ ಹಿತ, ಕಡಲಕುದುರೆಯ ತೊಟ್ಟಿ ಮಾತ್ರ 21ರಿಂದ 23ರೊಳಗೆ ಇರಬೇಕು. ಉಷ್ಣವಲಯದ ಸಮುದ್ರದ ಜಾತಿಗೂ ಇದೇ ಮಾತು. ಸಮುದ್ರದಲ್ಲಿ ಹೊಲಸನ್ನು ತೇಲಿಸಿಕೊಂಡು ಹೋಗಲು ಅಪಾರ ನೀರಿದೆ, ತೊಟ್ಟಿಯಲ್ಲಿ ಇಲ್ಲ. 24 ಡಿಗ್ರಿ ದಾಟಿದ ಮೇಲೆ ವಿಬ್ರಿಯೋ ಬ್ಯಾಕ್ಟೀರಿಯಾದ ಹಾವಳಿ ಜೋರಾಗುತ್ತದೆ, ಬಾಲದ ತುದಿ ಬೆಳ್ಳಗಾಗಿ ಕೊಳೆಯುವುದು, ಮೂತಿ ಊದುವುದು ಶುರುವಾಗುತ್ತವೆ. ನೀರಿನ ಮೇಲ್ಮೈಗೆ ಫ್ಯಾನ್ ಹಾಕಿದರೆ ಎರಡು ಮೂರು ಡಿಗ್ರಿ ಇಳಿದೀತು. ಕೋಣೆಯೇ 28 ಡಿಗ್ರಿ ಇದ್ದರೆ ಚಿಲ್ಲರ್ ಇಲ್ಲದೆ ಆಗುವುದಿಲ್ಲ. ಚಿಲ್ಲರ್‌ಗೆ ದುಡ್ಡಿಲ್ಲವೆಂದರೆ ಪ್ರಾಣಿಯನ್ನು ತರುವುದು ಮುಂದೂಡಿ. ಫ್ಯಾನ್ ಇದ್ದಲ್ಲಿ ನೀರು ಬೇಗ ಆವಿಯಾಗಿ ಉಪ್ಪಿನಂಶ ಏರುತ್ತದೆ. ಆ ಕೊರತೆಯನ್ನು ದಿನವೂ ಆರ್‌ಒ ಸಿಹಿನೀರಿನಿಂದಲೇ ತುಂಬಿಸಬೇಕು, ಉಪ್ಪುನೀರಿನಿಂದಲ್ಲ.

ಉಪ್ಪುನೀರಿಗೂ ಆರ್‌ಒ ನೀರೇ ಆಗಬೇಕು. ಲೀಟರಿಗೆ ಸುಮಾರು 35ರಿಂದ 38 ಗ್ರಾಂ ಸಾಗರ ಉಪ್ಪು ಹಾಕಿ, ಒಂದು ದಿನ ಪಂಪಿನಿಂದ ಕಲಕುತ್ತ ಬಿಟ್ಟು, ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.023ರಿಂದ 1.025 ಬಂದಿದೆಯೇ ನೋಡಿ. ಪಿಎಚ್ 8.1ರಿಂದ 8.4. ಸಮುದ್ರದಿಂದ ಜೀವಿಗಳ ಸಮೇತ ತಂದ ಲೈವ್ ರಾಕ್‌ಗಿಂತ ಒಣ ಕಲ್ಲೇ ಲೇಸು: ಲೈವ್ ರಾಕ್ ಜೊತೆ ಐಪ್ಟೇಸಿಯಾ, ಹೈಡ್ರಾಯ್ಡ್‌ಗಳೆಂಬ ಕುಟುಕುವ ಜೀವಿಗಳು, ಕೆಲವೊಮ್ಮೆ ಏಡಿಗಳೂ ಬರುತ್ತವೆ. ಒಣ ಕಲ್ಲಿನ ತೊಟ್ಟಿಯಲ್ಲಿ ಅಮೋನಿಯಾವನ್ನು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾ ಮೊದಲು ಬೆಳೆಯಬೇಕು, ಅದಕ್ಕಾಗಿ ಅಮೋನಿಯಾ 2 ಪಿಪಿಎಂ (ಹತ್ತು ಲಕ್ಷಕ್ಕೆ ಎರಡು ಭಾಗ) ಬರುವಷ್ಟು ಅಮೋನಿಯಂ ಕ್ಲೋರೈಡ್ ಹಾಕಿ. ಹೀಗೆ ಹಾಕಿದ 24 ಗಂಟೆಯೊಳಗೆ ಅಮೋನಿಯಾ, ಅದರಿಂದಾಗುವ ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವ ಹಂತ ಬರುವ ತನಕ ಕಾಯಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಹಿಡಿದು ನಿಲ್ಲಲು ಗೋರ್ಗೋನಿಯನ್ ಎಂಬ ಕೊಂಬೆಯಂಥ ಹವಳ, ಗ್ರಾಸಿಲೇರಿಯಾದಂಥ ಕಡಲಪಾಚಿ ಚೆನ್ನಾಗಿರುತ್ತವೆ. ಪ್ಲಾಸ್ಟಿಕ್ ಗಿಡವಾದರೂ ಕಡಲಕುದುರೆಗಳು ತಕರಾರು ಮಾಡುವುದಿಲ್ಲ. ಬಾಲ ಒಂದು ಸುತ್ತು ಬರುವಷ್ಟು ದಪ್ಪ ಇದ್ದರೆ ಸಾಕು. ಅನಿಮೋನ್ ಮತ್ತು ಕುಟುಕುವ ಹವಳಗಳಿಗೆ ಇಲ್ಲಿ ಜಾಗವಿಲ್ಲ. ಸಂಗಾತಿಗಳಾಗಿ ಬಸವನಹುಳು, ಕ್ಲೀನರ್ ಸೀಗಡಿ ಸಾಕು. ಚುರುಕಾದ ಮೀನುಗಳು ಊಟವನ್ನೆಲ್ಲ ಮೊದಲೇ ಮುಗಿಸುತ್ತವೆ, ಕಡಲಕುದುರೆಯ ಸಂಬಂಧಿಯಾದ ಪೈಪ್‌ಫಿಶ್ ಸಮುದ್ರದಿಂದ ಹಿಡಿದು ತಂದದ್ದಾದರೆ ರೋಗ ತರುತ್ತದೆ. ಬೇರೆ ಬೇರೆ ಕಡೆಯಿಂದ ತಂದ ಕಡಲಕುದುರೆಗಳನ್ನೂ ಬೆರೆಸಬೇಡಿ.

ಮೈಸಿಸ್ ಸೀಗಡಿಯ ಹೆಪ್ಪುಗಟ್ಟಿಸಿದ ತುಂಡನ್ನು ಕರಗಿಸಿ, ಜಾಲರಿಯಲ್ಲಿ ತೊಳೆದು, ಆ ರಸವನ್ನು ಚೆಲ್ಲಿ, ಆಮೇಲೆ ವಿಟಮಿನ್ ಮತ್ತು ಕೊಬ್ಬಿನಾಮ್ಲದ ದ್ರಾವಣ ಹನಿಸಿ. ಆರ್ಟೀಮಿಯಾ ಎಂಬ ಸಣ್ಣ ಉಪ್ಪುನೀರಿನ ಸೀಗಡಿಯೊಂದನ್ನೇ ಹಾಕುತ್ತ ಬಂದರೆ ಹೊಟ್ಟೆ ತುಂಬಿದಂತೆ ಕಂಡರೂ ಪ್ರಾಣಿ ಸೊರಗುತ್ತದೆ. ಪಂಪ್ ನಿಲ್ಲಿಸಿ, ಒಂದು ಚಿಪ್ಪು ಅಥವಾ ಗಾಜಿನ ಬಟ್ಟಲನ್ನು ಊಟದ ತಾಣವಾಗಿಸಿ, ಪಿಪೆಟ್‌ನಿಂದ ಅದರೊಳಕ್ಕೆ ಬಿಡಿ. ಕೆಲವು ದಿನಗಳಲ್ಲಿ ಅವೇ ಅಲ್ಲಿಗೆ ಬಂದು ಕಾಯತೊಡಗುತ್ತವೆ. ಒಂದೊಂದು ಸೀಗಡಿಯನ್ನೂ ಒಂದು ಕಣ್ಣಿನಿಂದ ಅಳೆದು ನೋಡಿ ನಿಧಾನಕ್ಕೆ ತಿನ್ನುವುದು ಅವುಗಳ ರೀತಿ, ಅವಸರ ಪಡಿಸಬಾರದು. ಅರ್ಧ ಗಂಟೆಯ ಮೇಲೆ ಉಳಿದದ್ದನ್ನು ಹೀರಿ ತೆಗೆದು, ಪಂಪ್ ಮತ್ತೆ ಚಾಲೂ ಮಾಡಿ. ವಾರಕ್ಕೊಮ್ಮೆ ಶೇ. 15ರಿಂದ 20ರಷ್ಟು ನೀರು ಬದಲಿಸುವಾಗ ಕಲ್ಲಿನ ಸಂದುಗಳನ್ನು ಪಿಪೆಟ್‌ನಿಂದ ಊದಿ ಕೆದಕಿ, ಹೊಲಸು ಕೂರುವುದು ಅಲ್ಲೇ.

ಕೊಳ್ಳುವಾಗ ಸಾಕಣೆಯಲ್ಲಿ ಹುಟ್ಟಿದವನ್ನೇ ಕೇಳಿ, ಹೆಪ್ಪುಗಟ್ಟಿಸಿದ ಮೈಸಿಸ್ ತಿನ್ನುವುದನ್ನು ಕಣ್ಣಾರೆ ನೋಡಿ. ಹಿಡಿದು ತಂದವು ಜೀವಂತ ಆಹಾರಕ್ಕಷ್ಟೇ ಬಾಯಿ ಹಾಕುತ್ತವೆ, ಪರೋಪಜೀವಿಗಳನ್ನೂ ಹೊತ್ತಿರುತ್ತವೆ. ಎಲ್ಲ ಕಡಲಕುದುರೆಗಳೂ 2004ರಿಂದ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ, ಆದ್ದರಿಂದ ನಿಮ್ಮ ದೇಶದ ಕಾನೂನು ಏನನ್ನುತ್ತದೆಂದು ಮೊದಲೇ ತಿಳಿದುಕೊಳ್ಳಿ.

ಪ್ರಾಣಿ ಇರುವ, ದೂರದಿಂದ ಬಂದ ಚೀಲವನ್ನು ಬಿಚ್ಚದೆ ಇಪ್ಪತ್ತು ನಿಮಿಷ ಕ್ವಾರಂಟೈನ್ ತೊಟ್ಟಿಯಲ್ಲಿ ತೇಲಿಬಿಟ್ಟು ಉಷ್ಣತೆ ಸಮಮಾಡಿ. ಬಿಚ್ಚಿದ ಮೇಲೆ ಗಂಟೆಗಟ್ಟಲೆ ಹನಿಹನಿಯಾಗಿ ನೀರು ಸೇರಿಸುತ್ತ ಕೂರುವುದು ಅಪಾಯ: ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಗಾಳಿ ತಗಲುತ್ತಿದ್ದಂತೆ ಅದು ಏರಿ, ಅಲ್ಲಿಯವರೆಗೆ ನಿರುಪದ್ರವಿಯಾಗಿದ್ದ ಅಮೋನಿಯಂ ವಿಷಕಾರಿ ಅಮೋನಿಯಾ ಆಗುತ್ತದೆ. ಉಪ್ಪಿನಂಶವನ್ನು ಮಾರಿದವರಿಂದ ಮೊದಲೇ ಕೇಳಿಕೊಂಡು ಕ್ವಾರಂಟೈನ್ ತೊಟ್ಟಿಯನ್ನು ಅದಕ್ಕೇ ಹೊಂದಿಸಿಡಿ, ಆಗ ಚೀಲದ ನೀರು ಬಿಟ್ಟು ಪ್ರಾಣಿಯನ್ನಷ್ಟೇ ಕೈಯಿಂದ ಎತ್ತಿ ಕೂಡಲೇ ದಾಟಿಸಬಹುದು. ಅಲ್ಲಿ ಆರು ವಾರ ಇರಲಿ. ದಪ್ಪ ಮಲ ಬೀಳುತ್ತಿದೆಯೇ, ಉಸಿರಾಟ ಹೆಚ್ಚಿದೆಯೇ, ಊಟ ಬೇಡವೆಂದು ಮೂತಿ ತಿರುಗಿಸುತ್ತಿದೆಯೇ ಎಂದು ದಿನವೂ ನೋಡಿ. ಬಿಳಿಯ ನೂಲಿನಂಥ ಮಲ ಕಂಡರೆ ಕರುಳಿನ ಹುಳುವಿನ ಸಂಶಯ ಇಟ್ಟುಕೊಳ್ಳಿ. ಹುಳುಗಳ ಔಷಧಿಯಾದ ಫೆನ್‌ಬೆಂಡಜೋಲ್ ಕೊಡುವುದಿದ್ದರೆ ಈ ಕ್ವಾರಂಟೈನ್ ತೊಟ್ಟಿಯಲ್ಲೇ ಕೊಡಿ, ಏಕೆಂದರೆ ಮುಖ್ಯ ತೊಟ್ಟಿಯ ಕಲ್ಲಿನೊಳಗೆ ಅದು ಉಳಿದುಕೊಂಡರೆ ಮುಂದೆ ಕೆಲವು ಬಸವನಹುಳುಗಳು ಸಾಯಬಹುದು.