ನಿಮ್ಮ ಕಡೆ ನೋಡೋಕೆ ಏನಿದೆ ಅಂತ ಕೇಳುವವರಿಗೆ

ನಾನು ಕಲಬುರಗಿಯವನು ಅಂದರೆ ಎದುರಿನವರ ಮೊದಲ ಮಾತು ಬಿಸಿಲಿನದ್ದು. ಎರಡನೆಯದು ಈ ಪ್ರಶ್ನೆ: "ನಿಮ್ಮ ಕಡೆ ಯಾರಿಗೂ ಗೊತ್ತಿಲ್ಲದ ಜಾಗ ಇದ್ರೆ ಹೇಳಿ. ಒಂದೇ ದಿನದಲ್ಲಿ ಹೋಗಿಬರೋ ಹಾಗಿರಬೇಕು." ಮದುವೆ ಊಟದಲ್ಲಿ ಕೇಳುತ್ತಾರೆ, ರೈಲಿನಲ್ಲಿ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಯಾರಿಗೂ ಅಂದ್ರೆ ಯಾರಿಗೆ ಸ್ವಾಮಿ? ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ ಆಳಿದ ಊರು. 851ರ ಹೊತ್ತಿಗೆ ಅರಬ್ ವರ್ತಕ ಸುಲೈಮಾನನ ವೃತ್ತಾಂತ ಇಲ್ಲಿನ ದೊರೆಯನ್ನು ಜಗತ್ತಿನ ನಾಲ್ಕು ದೊಡ್ಡ ರಾಜರ ಸಾಲಿಗೆ ಸೇರಿಸಿತು. ಬಾಗ್ದಾದ್, ಚೀನಾ, ಕಾನ್‌ಸ್ಟಾಂಟಿನೋಪಲ್, ಆಮೇಲೆ ನಮ್ಮ ಸೇಡಂ ತಾಲ್ಲೂಕು. ಈಗ ಕಾಗಿಣಾ ದಂಡೆಯಲ್ಲಿ ಕೋಟೆಯ ಗೋಡೆ ಇದೆ, ಹಳೆಯ ಬಸದಿ ಇದೆ. ನಿಮಗೆ ಗೊತ್ತಿಲ್ಲ ಅಂದರೆ ಅದು ಊರಿನ ತಪ್ಪಲ್ಲ.

ನನ್ನ ಸಿಟ್ಟಿಗೆ ಕಾರಣ ಇದೆ. ಬೆಂಗಳೂರಲ್ಲೇ ಬೆಳೆದ ನಮ್ಮ ಕಾಕಾನ ಮಗ ಒಮ್ಮೆ ಬಂದಿದ್ದ. "ಅಣ್ಣಾ, ಏನಾದ್ರೂ ಹಟ್ಕೆ ತೋರ್ಸು" ಅಂದ. ಸನ್ನತಿಗೆ ಕರೆದುಕೊಂಡು ಹೋದೆ. ಭೀಮಾ ನದಿ ದಂಡೆ, ಚಿತ್ತಾಪುರ ತಾಲ್ಲೂಕು. ಪಕ್ಕದ ಕನಗನಹಳ್ಳಿಯಲ್ಲಿ ಅಗೆದು ತೆಗೆದ ದೊಡ್ಡ ಬೌದ್ಧ ಸ್ತೂಪ ಇದೆ. ಆಗ ಕೆತ್ತನೆಯ ಕಲ್ಲುಗಳು ಬಯಲಲ್ಲೇ ಸಾಲಾಗಿ ಮಲಗಿದ್ದವು. ಇಲ್ಲಿ ಸಿಕ್ಕ ಒಂದು ಫಲಕದಲ್ಲಿ ರಾಜ, ರಾಣಿ, ಚಾಮರದವರು ಇದ್ದಾರೆ, ಬ್ರಾಹ್ಮಿಯಲ್ಲಿ "ರಾಯೋ ಅಸೋಕೋ" ಅಂತ ಬರೆದಿದೆ, ಅಶೋಕ ಅಂತ ಹೆಸರು ಹಾಕಿಯೇ ಕೆತ್ತಿದ್ದಾರೆ ಎಂದೆಲ್ಲ ವಿವರಿಸಿದೆ. ಅವನು ಪೂರ್ತಿ ಕೇಳಿದ. ಆಮೇಲೆ ಸುತ್ತ ನೋಡಿ, "ಇಷ್ಟೇನಾ?" ಅಂದ.

ಇಷ್ಟೇ ಅಲ್ಲಪ್ಪಾ. 1986ರಲ್ಲಿ ಇದೇ ಸನ್ನತಿಯ ಚಂದ್ರಲಾಂಬೆ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯೂ ಹಾಳಾಯಿತು. ಪೀಠಕ್ಕೆ ಹಾಕಿದ್ದ ಕಲ್ಲು ನೋಡಿದರೆ ಅದರ ಮೇಲೆ ಅಶೋಕನ ಶಾಸನ! ಎಷ್ಟೋ ತಲೆಮಾರು ಅದರ ಮೇಲೆ ನಿಂತ ದೇವಿಗೆ ಕೈಮುಗಿದಿದ್ದಾರೆ. ಎಷ್ಟೋ ಮನೆತನಗಳಿಗೆ ಚಂದ್ರಲಾಂಬೆ ಕುಲದೇವತೆ. ಅವರ ಮುಂದೆ ಹೋಗಿ "ಇದು ಯಾರಿಗೂ ಗೊತ್ತಿಲ್ಲದ ಜಾಗ" ಅಂದು ನೋಡಿ. ನನ್ನ ತಮ್ಮನಿಗೆ ಇದನ್ನೂ ಹೇಳಿದೆ. ಅವನು ಹತ್ತಿರದಲ್ಲಿ ಒಳ್ಳೆ ಕಾಫಿ ಸಿಗುತ್ತಾ ಅಂತ ಫೋನಿನಲ್ಲಿ ಹುಡುಕುತ್ತಿದ್ದ.

ಸರಿ, ಪಟ್ಟಿ ಬೇಕೇ ಬೇಕು ಅಂದರೆ ತಗೊಳ್ಳಿ. ಹುಮನಾಬಾದ್ ಹತ್ತಿರ ಜಲಸಂಗ್ವಿ. ಕಲ್ಯಾಣ ಚಾಲುಕ್ಯರ ಗುಡಿ, ಹೊರಗೋಡೆ ತುಂಬ ಮದನಿಕೆಯರು. ಅವರಲ್ಲಿ ಒಬ್ಬಳು ಆರನೇ ವಿಕ್ರಮಾದಿತ್ಯನನ್ನು ಹೊಗಳಿ ಶಾಸನ ಬರೆಯುತ್ತಾ ನಿಂತಿದ್ದಾಳೆ. ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳಿವೆ. ಸಿಡಿಲು ಬಡಿದು ಸೀಳಿದ ಹುಮಾಯೂನನ ಗುಮ್ಮಟದ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ನೀವು ಅಹಮದ್ ಶಾನ ಗೋರಿಯ ಒಳಗೆ ಹೋಗಿ ತಲೆ ಎತ್ತಿ ನೋಡಿ. ಬಣ್ಣ ಇನ್ನೂ ಇದೆ. ಭೀಮಾ ದಂಡೆಯ ಫಿರೋಜಾಬಾದ್ ಫಿರೋಜ್ ಶಾ ಬಹಮನಿ 1400ರ ಸುಮಾರಿಗೆ ಕಟ್ಟಿಸಿದ ಊರು, ಈಗ ಖಾಲಿ ಗೋಡೆಗಳು.

ಇನ್ನು ಯಾದಗಿರಿಯ ಹುಣಸಗಿ ಕಡೆಯ ಇಸಾಂಪುರ. ಆದಿಮಾನವರು ಸುಣ್ಣಕಲ್ಲು ಒಡೆದು ಆಯುಧ ಮಾಡಿದ ಜಾಗ. ಸುಮಾರು 12 ಲಕ್ಷ ವರ್ಷ ಹಳೆಯದು ಅಂತ ವಿಜ್ಞಾನಿಗಳ ಲೆಕ್ಕ. ಹೋದರೆ ಏನು ಕಾಣುತ್ತೆ? ಕಲ್ಲು, ಹೊಲ. "ಇಷ್ಟೇನಾ" ಅನ್ನುವವರು ದಯವಿಟ್ಟು ಹೋಗಬೇಡಿ.

ಎಲ್ಲಿಗೆ ಹೋಗಲಿ ಅಂತ ಎಲ್ಲರೂ ಕೇಳುತ್ತಾರೆ. ಯಾವಾಗ ಬರಲಿ ಅಂತ ಒಬ್ಬರೂ ಕೇಳುವುದಿಲ್ಲ. ಮಕ್ಕಳಿಗೆ ರಜೆ ಅಂತ ಏಪ್ರಿಲ್, ಮೇ ತಿಂಗಳಲ್ಲಿ ಬಂದು, ಕಾದ ಕಲ್ಲಿನ ಮೇಲೆ ಚಪ್ಪಲಿ ಬಿಟ್ಟು ಕುಣಿದು, ವಾಪಸ್ ಹೋಗಿ ನಮ್ಮ ಜಿಲ್ಲೆಯನ್ನು ಬೈಯುತ್ತಾರೆ. ಅಲ್ರೀ, ಆಗ ನಾವೇ ಮಧ್ಯಾಹ್ನ ಹೊರಗೆ ಬರೋದಿಲ್ಲ!

ಎಳ್ಳಮವಾಸ್ಯೆಗೆ ಬನ್ನಿ. ಡಿಸೆಂಬರ್ ಕೊನೆಗೋ ಜನವರಿಗೋ ಬರುತ್ತದೆ. ಆ ದಿನ ಊರು ಖಾಲಿ, ಜನವೆಲ್ಲ ಹೊಲದಲ್ಲಿ. ಮೊದಲು ಪೂಜೆ, ಆಮೇಲೆ ಬೆಳೆಗೆ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲುವುದು, ಆಮೇಲೆ ಊಟ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮುಖ್ಯವಾಗಿ ಭಜ್ಜಿ. ಎಣ್ಣೆಯಲ್ಲಿ ಕರಿಯುವ ಬಜ್ಜಿ ಅಲ್ಲ. ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಒಟ್ಟಿಗೆ ಬೇಯಿಸಿ ಮಾಡುವ ಗಟ್ಟಿ ಪಲ್ಯ. ಹೊಲದ ಪಕ್ಕ ಹಾದರೆ ಗುರುತಿಲ್ಲದವರೂ "ಬರ್ರೀ, ಉಂಡು ಹೋಗ್ರಿ" ಅಂತ ಕರೆಯುತ್ತಾರೆ. ಇದು ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಟಿಕೆಟ್ಟೂ ಇಲ್ಲ.

ಬರುವುದಾದರೆ ಹಿಂದಿನ ದಿನವೇ ಬನ್ನಿ. ಅವತ್ತು ನಮ್ಮ ಮನೆಯಲ್ಲಿ ಬುಟ್ಟಿಗಟ್ಟಲೆ ತೊಗರಿಕಾಯಿ, ಅವರೆಕಾಯಿ ಸುಲಿಯುವುದಿರುತ್ತದೆ. ಜನ ಸಾಲುವುದಿಲ್ಲ.