ಕೋಸಂಬರಿಯ ಇಂಗ್ಲಿಷ್ ಪಾಠ: ನಾಲ್ಕು ಭಾನುವಾರಗಳ ದಾಖಲೆ

ಮಂಡ್ಯದ ನಮ್ಮ ಮನೆಯ ಜಗುಲಿಯಲ್ಲಿ ಭಾನುವಾರ ಬೆಳಿಗ್ಗೆ ಎರಡನೆಯ ಮತ್ತು ಮೂರನೆಯ ತರಗತಿಯ ಏಳು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಪುಸ್ತಕವಿಲ್ಲ, ಹೆಸರುಬೇಳೆಯ ಕೋಸಂಬರಿಯೇ ಪಾಠ. ಒಲೆ ಹಚ್ಚಬೇಕಿಲ್ಲ ಎಂಬುದು ಒಂದು ಅನುಕೂಲವಾದರೆ, ರಾಮನವಮಿಯ ಪಾನಕ, ಕೋಸಂಬರಿಗಳ ರುಚಿ ಏಳೂ ಮಕ್ಕಳಿಗೆ ಗೊತ್ತಿರುವುದು ಅದಕ್ಕಿಂತ ದೊಡ್ಡ ಅನುಕೂಲ. ಸ್ಯಾಂಡ್‌ವಿಚ್ ಮಾಡಿಸಲು ಹೊರಟಿದ್ದರೆ ತಿಂಡಿಯೂ ಹೊಸದು, ಮಾತೂ ಹೊಸದು ಎಂದಾಗುತ್ತಿತ್ತು.

ಮೊದಲ ಭಾನುವಾರ ಪದಾರ್ಥಗಳ ಹೆಸರುಗಳಲ್ಲೇ ಕಳೆಯಿತು.

ಎರಡನೆಯ ಭಾನುವಾರದಿಂದ ನಾನು ಆಜ್ಞೆ ಕೊಡುವುದು, ಮಕ್ಕಳು ಮಾತಾಡದೆ ಅದನ್ನು ಮಾಡಿ ತೋರಿಸುವುದು ಎಂಬ ಕ್ರಮವನ್ನು ಹಿಡಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಷರ್ 1960ರ ದಶಕದಲ್ಲಿ ರೂಪಿಸಿದ ಬೋಧನಾ ವಿಧಾನದ ತಿರುಳು ಇದೇ. ‘ವಾಶ್ ದ ಕುಕುಂಬರ್’ ಎಂದೊಡನೆ ಏಳೂ ಮಕ್ಕಳು ನಲ್ಲಿಯತ್ತ ಓಡಿದಾಗ ಹಿಗ್ಗಿದೆ. ಆಮೇಲೆ, ಪರೀಕ್ಷಿಸೋಣವೆಂದು, ‘ಸ್ಮೆಲ್ ದ ಕುಕುಂಬರ್’ ಎಂದೆ. ಅದೇ ಏಳು ಮಕ್ಕಳು ಸೌತೆಕಾಯಿಯನ್ನು ಮತ್ತೊಮ್ಮೆ ತೊಳೆದು ತಂದರು! ಅವರು ಕೇಳಿಸಿಕೊಂಡದ್ದು ಕೊನೆಯ ಪದವನ್ನು ಮಾತ್ರ. ‘ಸೌತೆಕಾಯಿ ತೊಳಿ’ ಎನ್ನುವ ನಮ್ಮ ಮಾತಿನಲ್ಲಿ ಮಾಡಬೇಕಾದ ಕೆಲಸ ಕೊನೆಗೆ ಬರುವುದರಿಂದ ಮಗುವಿನ ಕಿವಿ ಅಲ್ಲಿಯವರೆಗೆ ಕಾಯುತ್ತದೆ. ಇಂಗ್ಲಿಷಿನಲ್ಲಾದರೋ ಅಷ್ಟು ಹೊತ್ತಿಗೆ ಕ್ರಿಯಾಪದ ಬಂದು ಹೋಗಿರುತ್ತದೆ ಎಂದು ನನಗೆ ತೋರಿತು.

ಆದ್ದರಿಂದ ಮೂರನೆಯ ಭಾನುವಾರ ಅರ್ಧ ಗಂಟೆ ತಟ್ಟೆಯಲ್ಲಿ ನಿಂಬೆಹಣ್ಣಿನ ಹೊರತು ಬೇರೇನನ್ನೂ ಇಡಲಿಲ್ಲ. ವಸ್ತು ಒಂದೇ ಆಗಿ, ವಾಶ್, ಸ್ಮೆಲ್, ರೋಲ್, ಸ್ಕ್ವೀಸ್ ಎಂದು ಕೆಲಸ ಮಾತ್ರ ಬದಲಾಗುತ್ತಿದ್ದುದರಿಂದ, ಮೊದಲ ಪದಕ್ಕೆ ಕಿವಿಗೊಡದೆ ಮಕ್ಕಳಿಗೆ ಬೇರೆ ದಾರಿ ಇರಲಿಲ್ಲ. ಹಿಂಡುವ ಮುಂಚೆ ಹಣ್ಣನ್ನು ಮಣೆಯ ಮೇಲೆ ಒತ್ತಿ ಉರುಳಿಸಿದರೆ ರಸ ಚೆನ್ನಾಗಿ ಬರುತ್ತದೆಯಾಗಿ ‘ರೋಲ್’ ಬರಿಯ ಆಟವೂ ಅಲ್ಲ. ಹಾಗಿದ್ದರೂ ಎರಡು ಹಣ್ಣುಗಳು ಚರಂಡಿ ಸೇರಿದವು. ಚಾಕುವನ್ನು ಮಾತ್ರ ನಾನು ಯಾರ ಕೈಗೂ ಕೊಡುವುದಿಲ್ಲ. ‘ಕಟ್’ ಎಂದು ಅವರು ಹೇಳಬೇಕು, ನಾನು ಹೆಚ್ಚಬೇಕು. ಕೊನೆಯ ಅಕ್ಷರಕ್ಕೆ ಉಕಾರ ಸೇರಿಸುವ ನಮ್ಮ ಅಭ್ಯಾಸದಿಂದ ಒಬ್ಬ ಹುಡುಗ ‘ಕಟ್ಟು, ಕಟ್ಟು’ ಎಂದು ಕೂಗಿದಾಗ ಪಕ್ಕದವಳು ದಾರ ಎಲ್ಲಿದೆ ಎಂದು ಕೇಳಿದಳು.

ನಿನ್ನೆ ನಾಲ್ಕನೆಯ ಪಾಠ. ಬೇಳೆಯನ್ನು ಮಕ್ಕಳೇ ನೆನೆಹಾಕಿ, ಒಂದು ಗಂಟೆ ಕಾದು, ನೀರು ಬಸಿದರು. ಕಾಯುತ್ತಿದ್ದಾಗ ‘ಸೋಕ್’ ಎಂದರೆ ನೆನೆಸುವುದು ಎಂದು ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತಿನ ನಂತರ ಒಬ್ಬ ಹುಡುಗಿ, ‘ಮಿಸ್, ಐ ಸೋಕ್ ಮೈ ಅಜ್ಜಿ’ ಎಂದಳು. ಊರಿನಲ್ಲಿರುವ ಅಜ್ಜಿಯನ್ನು ಅವಳು ನೆನೆಸಿಕೊಳ್ಳುತ್ತಿದ್ದಳು. ತಪ್ಪು ಅವಳದಲ್ಲ, ಕನ್ನಡದ ಅರ್ಥವನ್ನು ಹೇಳಿಕೊಟ್ಟ ನನ್ನದು. ಬೇಳೆಯ ಪಾತ್ರೆಯನ್ನು ತೋರಿಸಿ ಸುಮ್ಮನಿದ್ದಿದ್ದರೆ ಅಜ್ಜಿ ನೀರಿಗೆ ಬೀಳುತ್ತಿರಲಿಲ್ಲ.

ಮುಂದಿನ ವಾರ ಪಾನಕ. ಅಲ್ಲಿಯೂ ಇಂಥದೇ ತೊಡಕು ಕಾದಿದೆ: ನೀರಿನಲ್ಲಿ ಬೆಲ್ಲವೂ ಕರಗುತ್ತದೆ, ಬಿಸಿಲಿನಲ್ಲಿ ಬೆಣ್ಣೆಯೂ ಕರಗುತ್ತದೆ, ಆದರೆ ಇಂಗ್ಲಿಷಿಗೆ ಒಂದು ‘ಡಿಸಾಲ್ವ್’, ಇನ್ನೊಂದು ‘ಮೆಲ್ಟ್’. ಆಲೆಮನೆಯ ಅಚ್ಚುಬೆಲ್ಲಕ್ಕೆ ಹೇಳಿಟ್ಟಿದ್ದೇನೆ. ಜೊತೆಗೆ ಒಂದು ಉಂಡೆ ಬೆಣ್ಣೆಯನ್ನೂ ತಂದು, ಈ ಬಾರಿ ಅರ್ಥ ಹೇಳದೆ ಎರಡನ್ನೂ ಅಕ್ಕಪಕ್ಕ ಇಡಲಿದ್ದೇನೆ.